ಹೊಲಿಸಿದ ಕಂಪ್ಯೂಟರ್

ನಮ್ಮ ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಒಂದು ಕಥೆ ಸಿಗುತ್ತದೆ. ಕೊಡುವವರು ನನ್ನ ಕಾಕಾ. ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ಈ ಹುಡುಗಿ ತಾನೇ ಜೋಡಿಸಿದ ಕಂಪ್ಯೂಟರ್ ಹತ್ತಲಿಲ್ಲವಂತೆ. ಇವಳು ಅಳುತ್ತ ಮಾಳಿಗೆಗೆ ಓಡಿದಳಂತೆ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಅದರ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಳಂತೆ. ಪರದೆ ಝಗ್ಗನೆ ಬೆಳಗಿತಂತೆ. ಕೇಳಿದವರು ಕೈಮುಗಿಯುತ್ತಾರೆ. ಕೆಲವರು ಆಯಿಗೆ, ಕೆಲವರು ನೇರವಾಗಿ ಕಂಪ್ಯೂಟರಿಗೆ.

ನನ್ನ ಆಕ್ಷೇಪಗಳಿವೆ. ಮೊದಲನೆಯದು, ನಾನು ಅಳಲಿಲ್ಲ. ಬೆವರು ಕಣ್ಣಿಗೆ ಇಳಿದಿತ್ತು. ಎರಡನೆಯದು, ಕಂಪ್ಯೂಟರಿಗೆ ಹಣೆ ಇರುವುದಿಲ್ಲ. ಮೂರನೆಯ ಆಕ್ಷೇಪವನ್ನು ಕಾಕಾನ ಚಹಾದ ಹೊತ್ತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಳೆದ ರವಿವಾರ ಧೂಳು ಕೊಡವಲೆಂದು ಅದರ ಪಕ್ಕದ ಗಾಜು ಬಿಚ್ಚಿದೆ. ಒಳಗೆ ಒಂದು ಗುರುತು ಕಂಡಿತು. ಅಂದಿನಿಂದ ನನಗೆ ಯಾವ ಆಟವೂ ರುಚಿಸುತ್ತಿಲ್ಲ. ಯಾರನ್ನೋ ಗುಂಡಿಟ್ಟು ಓಡಿಸಬೇಕಾದ ಹೊತ್ತಿನಲ್ಲಿ ನಾನು ಕುರ್ಚಿ ತಿರುಗಿಸಿಕೊಂಡು ಅಪ್ಪನನ್ನೇ ನೋಡುತ್ತ ಕೂತಿರುತ್ತೇನೆ.

ಮರಾಠಿ ಸೀಮೆಯ ಗಡಿಯೂರು ನಮ್ಮದು, ಅದರ ನವಿ ಪೇಠೆಯಲ್ಲಿ ನಮ್ಮ ಬಟ್ಟೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಶರ್ಟು ಪೀಸು, ಪ್ಯಾಂಟು ಪೀಸು, ಖಣ, ಒಳಗೆ ಹಚ್ಚುವ ಅಸ್ತರು, ಎಲ್ಲವೂ ಮೀಟರಿನ ಲೆಕ್ಕ. ನಾನು ತೊಟ್ಟಿಲಿನಲ್ಲಿ ಮಲಗಿದ್ದಕ್ಕಿಂತ ಹೆಚ್ಚಾಗಿ ಲಟ್ಠೆ ಎಂಬ ಬಿಳಿ ಬಟ್ಟೆಯ ಸುರುಳಿ ತಾನುಗಳ ನಡುವೆ ಮಲಗಿದ್ದೇನೆ ಎಂದು ಅವ್ವ ಹೇಳುತ್ತಾಳೆ. ಕಬ್ಬಿಣದ ಮೀಟರ್ ಕೋಲು ನನ್ನ ಮೊದಲ ಕತ್ತಿ. ಆದರೆ ಬಟ್ಟೆಯನ್ನು ಮಾತ್ರ ಮನಸ್ಸು ಬಂದಂತೆ ಮುಟ್ಟುವ ಹಾಗಿರಲಿಲ್ಲ. ಮಡಚಿದ ಬಟ್ಟೆಗೆ ನಮ್ಮಲ್ಲಿ ಘಡಿ ಎನ್ನುತ್ತಾರೆ. ಆ ಘಡಿಯ ಮೇಲೆ ಕೈ ಊರಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು. 'ಕೈ ಹಗೂರ, ಕೈ ಹಗೂರ' ಎಂಬುದು ನನ್ನ ಬಾಲ್ಯದ ಜೋಗುಳ. ರೇಷ್ಮೆ ಖಣವನ್ನು ಕಪಾಟಿಗೆ ಸೇರಿಸುವಾಗ ಉಸಿರೂ ತಾಗಬಾರದು. ಘಡಿ ಒತ್ತುವ ಹಕ್ಕು ಒಬ್ಬರಿಗೇ, ಅಪ್ಪನಿಗೆ. ಗುರುತು ಹಾಕುವ ನೀಲಿ ಸೀಮೆಸುಣ್ಣ ಮೆತ್ತಿದ ಹೆಬ್ಬೆರಳನ್ನು ಅಂಚಿನುದ್ದಕ್ಕೆ ಒಮ್ಮೆ ಎಳೆದು ಕೊನೆಯಲ್ಲಿ ಸಣ್ಣಗೆ 'ಹುಂ' ಎಂದು ಒತ್ತಿದರೆ ಆ ಮಡಿಕೆ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚದು.

ನನ್ನ ಮೊದಲ ಕಂಪ್ಯೂಟರ್ ಕೂಡ ಅಂಗಡಿಯದೇ, ಬಿಲ್ ಮಾಡುವುದು. ಅದರಲ್ಲಿ ಒಂದು ಕಾರಿನ ಆಟವಿತ್ತು. ದೀಪಾವಳಿಯ ಗದ್ದಲದಲ್ಲಿ ಒಬ್ಬ ಗಿರಾಕಿ ಬಿಲ್ ಕೇಳಿದಾಗ ಪರದೆಯ ಮೇಲೆ ನನ್ನ ಕಾರು ಸೇತುವೆಯಿಂದ ನದಿಗೆ ಬೀಳುತ್ತಿತ್ತು. ಅವರು 'ಅರೇರೇರೇ' ಎಂದು ಚೀಲ ಕೆಳಗಿಟ್ಟು, ಇನ್ನೊಮ್ಮೆ ಆಡು ಎಂದರು. ಆಮೇಲೆ ಫೋನಿನಲ್ಲಿ ಆಡಿದೆ. ಅದು ಎಷ್ಟು ಬಿಸಿಯಾಗುತ್ತಿತ್ತೆಂದರೆ ಆಯಿ ಚಳಿಗಾಲದಲ್ಲಿ 'ನಿನ್ನ ಆಟ ಮುಗದ ಮ್ಯಾಲ ಒಂದೀಟ ಇಲ್ಲಿ ಕೊಡ' ಎಂದು ಇಸಿದುಕೊಂಡು ಮೊಣಕಾಲಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು.

ಕೊನೆಗೆ ಕಳೆದ ಶ್ರಾವಣದಲ್ಲಿ ಊಟಕ್ಕೆ ಕೂತಾಗ ಠರಾವು ಮಂಡಿಸಿದೆ. ನನಗೆ ಗೇಮಿಂಗ್ ಕಂಪ್ಯೂಟರ್ ಬೇಕು. ನನ್ನ ಗೆಳತಿಯರೆಲ್ಲ ಇಂಥ ಹೊತ್ತಿನಲ್ಲಿ 'ಅಭ್ಯಾಸಕ್ಕೆ' ಎಂದು ಹೇಳಿ ಗೆದ್ದವರು. ನಾನು ಎಂಟನೇ ಇಯತ್ತೆಯಿಂದ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಗೆದ್ದ ಕಪ್ಪುಗಳಲ್ಲಿ ದೊಡ್ಡದರಲ್ಲಿ ಅವ್ವ ಸೌಟು ನಿಲ್ಲಿಸಿದ್ದಾಳೆ. ಸುಳ್ಳು ವಾದದಿಂದ ಗೆದ್ದರೆ ಆ ಸೌಟುಗಳಿಗೆ ಅವಮಾನವಲ್ಲವೇ?

'ಯದಕ್ಕ ಬೇಕದು?' ಎಂದರು ಅಪ್ಪ.

'ಆಟ ಆಡಾಕ್ರಿ.'

ಅಪ್ಪ ನನ್ನನ್ನೇ ನೋಡಿದರು. 'ಖರೇ ಹೇಳಿದಿ ಅಂತ ಅರ್ಧಾ ಮಾತ ಕೇಳ್ತೀನಿ ನೋಡ ವಕೀಲ ಬಾಯಿ. ನಲವತ್ತೈದು ಸಾವಿರ. ಅದರ ಮ್ಯಾಲ ಒಂದ ದಮಡೀನೂ ಕೇಳಬ್ಯಾಡ. ಹೋಗಿ ತಯಾರಿದ್ದದ್ದು ಒಂದ ತಗೊಂಡ ಬಾ.'

'ತಯಾರಿದ್ದದ್ದು ಬ್ಯಾಡ್ರಿ. ಭಾಗ ತಂದು ನಾನಽ ಜೋಡಸ್ತೀನಿ.'

'ಮಿಕ್ಸರ್ ಬಿಚ್ಚಿದವಳು ನೀನಽ ಅಲ್ಲೇನು?' ಅವ್ವ ಒಳಗಿನಿಂದ ಕೇಳಿದಳು. ಅದು ಹನ್ನೆರಡು ವರ್ಷದ ಹಿಂದಿನ ಪ್ರಕರಣ. ಆ ಮಿಕ್ಸರ್ ಇವತ್ತಿಗೂ ಉಲ್ಟಾ ತಿರುಗುತ್ತದೆ. ಆದರೆ ತಿರುಗುತ್ತದೆ, ದಯವಿಟ್ಟು ಗಮನಿಸಿ.

ಇಲ್ಲಿ ಕಾಕಾನ ಬಗ್ಗೆ ಒಂದು ಮಾತು ಹೇಳಬೇಕು. ಕಾಕಾ ಅಪ್ಪನ ತಮ್ಮ, ಅಂಗಡಿಯಲ್ಲಿ ಪಾಲುದಾರ. ಎರಡು ವರ್ಷದ ಹಿಂದೆ ಅಂಗಡಿಯ ಒಂದು ಮೂಲೆಯಲ್ಲಿ ರೆಡಿಮೇಡ್ ಅಂಗಿಗಳನ್ನು ತೂಗುಹಾಕಿದರು. ಅಂದಿನಿಂದ ಅಪ್ಪ ಆ ಕಡೆ ತಿರುಗಿ ನೋಡುವುದಿಲ್ಲ. ಗಿರಾಕಿ ಕೇಳಿದರೆ 'ಆ ಮೂಲ್ಯಾಗ ಕೇಳ್ರಿ' ಎನ್ನುತ್ತಾರೆ, ಪರದೇಶದ ಹಾದಿ ತೋರಿಸಿದಂತೆ. ಅಂಥ ಅಪ್ಪ, ಬಟ್ಟೆಯಲ್ಲಿ ತಯಾರಿದ್ದದ್ದನ್ನು ಮೂಸಿಯೂ ನೋಡದವರು, ಕಂಪ್ಯೂಟರಿನ ವಿಷಯದಲ್ಲಿ ಕಾಕಾನ ಪಕ್ಷ ಸೇರಿದ್ದರು! ಎದುರಾಳಿ ತನ್ನ ಮಾತಿಗೇ ವಿರುದ್ಧವಾಗಿ ನಿಂತಾಗ ಚರ್ಚಾಪಟುವಿಗೆ ಆಗುವ ಆನಂದವನ್ನು ಯಾವ ಹೋಳಿಗೆಯೂ ಕೊಡಲಾರದು. ನಾನು ತಟ್ಟೆ ಸರಿಸಿ ಎದ್ದು ನಿಂತೆ.

'ಅಪ್ಪಾ, ಗಿರಾಕಿಗೆ ದಿನಾ ಏನ ಹೇಳ್ತೀರಿ ನೀವು? ರೆಡಿಮೇಡ್ ಅಂಗಿ ಉಲ್ಟಾ ಮಾಡಿ ಒಳಗಿನ ಹೊಲಿಗಿ ನೋಡ್ರಿ, ಮ್ಯಾಲಿನ ಬಟನ್ನಿಗೆ ಮರುಳಾಗಬ್ಯಾಡ್ರಿ ಅಂತೀರಿಲ್ಲ? ಕಂಪ್ಯೂಟರೂ ಹಂಗಽ. ಮ್ಯಾಲ ಬಣ್ಣದ ಲೈಟ್, ಒಳಗ ಹಗೂರ ಅಸ್ತರ.'

ಕಾಕಾ ಕೆಮ್ಮಿದರು. ಅಪ್ಪ ಮಜ್ಜಿಗೆ ಕುಡಿದು ಎದ್ದರು. ಮರುದಿನ ಮಾತ್ರ ಟೋಪಿ ಹಾಕಿಕೊಂಡು 'ನಡಿ, ನೋಡೂಣು' ಎಂದರು.

ಕಂಪ್ಯೂಟರ್ ಅಂಗಡಿಯ ಹುಡುಗ ಬಹಳ ಚುರುಕು. ಗಾಜಿನ ಪೆಟ್ಟಿಗೆಯೊಳಗೆ ಏಳು ಬಣ್ಣದ ದೀಪಗಳು ಮೆರವಣಿಗೆ ಹೊರಟಿದ್ದವು. ಅಪ್ಪ ಅಭ್ಯಾಸಬಲದಿಂದ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು, ಪಾಪ್ಲಿನ್ ಬಟ್ಟೆಯ ಹಾಗೆ.

'ಒಳಗ ಪವರ್ ಸಪ್ಲೈ ಯಾವದದ?' ಎಂದೆ.

'ಕಂಪನೀದಽ ಮೇಡಂ.'

'ಯಾವ ಕಂಪನಿ?'

'ಚಲೋ ಕಂಪನಿ.'

ಅಪ್ಪ ಆಗ ಬಾಯಿ ಬಿಟ್ಟರು. 'ತಗದ ತೋರಸ್ರಿ.'

'ಸೀಲ್ ಒಡದ್ರ ವಾರಂಟಿ ಹೋಗ್ತದ ಮಾಲಕ್ರ.'

ಮೂವತ್ತು ವರ್ಷ ಗಿರಾಕಿಯ ಮುಂದೆ ಇಡೀ ತಾನು ಬಿಚ್ಚಿ ಹಾಸಿದ ಮನುಷ್ಯನಿಗೆ ಹೇಳಬಾರದ ಮಾತು ಅದು. ಅಪ್ಪ ಕೈಮುಗಿದು ಹೊರಗೆ ಬಂದರು. ನ್ಯಾಯವಾಗಿ ಎದುರು ಪಕ್ಷದ ಪರವಾಗಿಯೂ ಹೇಳಿಬಿಡುತ್ತೇನೆ: ಎಲ್ಲ ತಯಾರಿ ಯಂತ್ರಗಳೂ ಹೀಗಲ್ಲ, ಒಳ್ಳೆಯವೂ ಇವೆ, ಕೆಟ್ಟರೆ ಒಂದೇ ಕಡೆ ಹೋಗಿ ಜಗಳ ಆಡಬಹುದು. ಬಿಡಿ ಭಾಗ ತಂದರೆ ಆರು ಕಡೆ ಆರು ಜಗಳ. ಆದರೆ ನನ್ನಂಥವಳಿಗೆ ಅದು ಕೊರತೆ ಹೇಗೆ?

ಅಪ್ಪ ಮಾತ್ರ ಸೋತೆ ಎನ್ನಲಿಲ್ಲ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದೇ ಇಲ್ಲ. ಮೆಟ್ಟಿಲು ಹತ್ತುವಾಗ ಪಂಥ ಕಟ್ಟಿದರು. 'ಜೋಡಸು. ಖಂಡೇನವಮಿ ಆರತಿ ಅನ್ನೂದ್ರಾಗ ಅದು ಹತ್ತಬೇಕು. ಹತ್ತಿದ್ರ ಎಲ್ಲಾರ ಮುಂದ ನಂದಽ ತಪ್ಪ ಅಂತೀನಿ. ಹತ್ತಲಿಲ್ಲಂದ್ರ, ಮುಂದಿನ ಖಂಡೇನವಮಿ ತನಕಾ ಮನ್ಯಾಗ ಯಾರ ಏನ ಅಂದ್ರೂ ನೀ ಹೂಂ ರಿ ಅನ್ನಬೇಕು. ಅಷ್ಟಽ. ಎದರ ಮಾತ ಇಲ್ಲ.'

ಒಂದು ವರ್ಷ! ಊಟ ಬಿಡು ಎಂದಿದ್ದರೆ ಬಿಡುತ್ತಿದ್ದೆ. ಒಪ್ಪಿಕೊಂಡೆ.

ಭಾಗಗಳು ಒಂದೊಂದೇ ಬಂದವು. ಬಂದದ್ದನ್ನೆಲ್ಲ ಅಪ್ಪ ಒಮ್ಮೆ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ ಕೆಳಗಿಡುವರು. ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ಆಟದ ಪ್ರಾಣವೇ ಅದು. ಹೊಸದು ಕೊಂಡರೆ ನನ್ನ ಹಣವೆಲ್ಲ ಅದಕ್ಕೇ ಸರಿಹೋಗಿ, ಕಾರ್ಡನ್ನು ಗೋಡೆಗೆ ತೂಗುಹಾಕಿ ನೋಡಬೇಕಿತ್ತು. ಅಕ್ಕಲಕೋಟೆಯಲ್ಲಿ ಮದುವೆ ವಿಡಿಯೋ ಮಾಡುವ ಒಬ್ಬ ಫೋಟೋಗ್ರಾಫರ್ ತನ್ನ ಹಳೆಯದನ್ನು ಮಾರುತ್ತಿದ್ದಾನೆಂದು ಗೊತ್ತಾಯಿತು. ಎಸ್ಟಿ ಬಸ್ಸು ಹತ್ತಿ ಹೋದೆ. ನಾನು ಸಂಶಯದ ಪ್ರಾಣಿ, ಓಡಿಸಿ ತೋರಿಸಿ ಎಂದೆ. ಆತ ಒಂದು ಮದುವೆ ಹಾಕಿದ. ಮದುಮಗನ ತಲೆಯ ಸುತ್ತ ಗುಲಾಬಿ ಹೃದಯಗಳು ಗಿರಗಿರ ತಿರುಗಿದವು, ಹಿಂದೆ ಒಂದು ಜಲಪಾತ ಹುಟ್ಟಿತು, ಜಲಪಾತದಿಂದ ಅತ್ತೆಮಾವ ಇಳಿದುಬಂದರು. ಎಲ್ಲಿಯೂ ತಡವರಿಸಲಿಲ್ಲ.

'ಎರಡ ಸೀಜನ್ ಮದವಿ ಮಾಡೇದ ತಾಯಿ ಈ ಕಾರ್ಡ್,' ಎಂದ. 'ಒಂದೂ ಮುರದಿಲ್ಲ.'

ಆ ಖಾತ್ರಿಯ ಮೇಲೆಯೇ ಕೊಂಡೆ. ಬರುವಾಗ ಕುಂಭಾರಿಯಲ್ಲಿ ಒಬ್ಬ ಅಜ್ಜಿ ಹತ್ತಿ ಪಕ್ಕದಲ್ಲಿ ಕೂತಳು. ಕುಂಭಾರಿ ಅವ್ವನ ತವರು. ನನಗೆ ಕನ್ನಡ ಅಕ್ಷರ ತಿದ್ದಿಸಿದ್ದು ಅಲ್ಲಿಯ ಅಜ್ಜ. ಇಲ್ಲವಾದರೆ ಮರಾಠಿ ಶಾಲೆ ಕಲಿತ ಗೆಳತಿಯರಂತೆ ನಾನೂ ಕನ್ನಡದಲ್ಲಿ ಜಗಳವಾಡಿ ಮರಾಠಿಯಲ್ಲಿ ಬರೆಯುತ್ತಿದ್ದೆ. ಅಜ್ಜಿ ನನ್ನ ತೊಡೆಯ ಮೇಲಿನ ಪೆಟ್ಟಿಗೆಯನ್ನು ಸಾಕಷ್ಟು ಹೊತ್ತು ನೋಡಿ ಕೇಳಿದಳು: 'ಹಡದ ಕೂಸಿನಂಗ ಹಿಡದೀಯಲ್ಲವಾ, ಎಷ್ಟ ತಿಂಗಳದ್ದು?'

'ಎರಡ ವರ್ಷದ್ದ ಅಜ್ಜಿ. ಸೆಕೆಂಡ್ ಹ್ಯಾಂಡ್.'

ಆಕೆ ಮುಂದಿನ ನಿಲ್ದಾಣದವರೆಗೆ ನನ್ನ ಕಡೆ ತಿರುಗಲಿಲ್ಲ.

ಖಂಡೇನವಮಿ ಹತ್ತಿರ ಬಂದಂತೆ ನನಗೂ ಸ್ವಲ್ಪ ಅಳುಕು. ಸೋತರೆ ಹೇಗಿರುತ್ತದೋ ಎಂದು ಒಂದು ಊಟದ ಹೊತ್ತು ರಂಗತಾಲೀಮು ನಡೆಸಿದೆ.

'ಪಲ್ಯ ಹೆಂಗಾಗೇತಿ?' ಎಂದರು ಅಪ್ಪ.

'ಹೂಂ ರಿ.'

'ಉಪ್ಪ ಹೆಚ್ಚಾತೇನು?'

'ಹೂಂ ರಿ.'

'ನಾಳಿಂದ ಅಂಗಡೀಗೆ ಪೂರಾ ರೆಡಿಮೇಡ್ ತುಂಬತೀನಿ ಅಂತಾನ ನಿಮ್ಮ ಕಾಕಾ.'

'ಹೂಂ ರಿ.'

ಕಾಕಾ ಖುಷಿಯಿಂದ ತಟ್ಟೆ ಬಡಿದರು. ಅಪ್ಪ ಎರಡನೆಯ ರೊಟ್ಟಿ ಮುಟ್ಟಲಿಲ್ಲ. ಕೈ ತೊಳೆದುಕೊಂಡು ಬಂದು, ನಿಂತೇ ಇದ್ದು, 'ಏನರ ಅನ್ನಽ' ಎಂದರು. ನಾನು ಹೂಂ ರಿ ಎಂದೆ. ಅವರು ಸೀದಾ ಕೆಳಗಿಳಿದು ಹೋಗಿ, ಆಗಲೇ ಮಡಚಿಟ್ಟಿದ್ದ ಒಂದು ತಾನನ್ನು ಬಿಚ್ಚಿ ಮತ್ತೆ ಮಡಚತೊಡಗಿದರು.

ಹಬ್ಬದ ಬೆಳಿಗ್ಗೆ ಜೋಡಿಸಲು ಕೂತೆ. ನಡುಮನೆಯಲ್ಲಿ ಒಂದು ಕಡೆ ಪೂಜೆಗೆ ಮೀಟರ್ ಕೋಲು, ಕತ್ತರಿ, ಬಿಲ್ಲಿನ ಯಂತ್ರ. ಇನ್ನೊಂದು ಕಡೆ ನಾನು, ನೆಲದ ಮೇಲೆ, ಬಿಳಿ ಲಟ್ಠೆಯ ಹಾಸಿನ ಮೇಲೆ. ಪ್ರೊಸೆಸರಿನ ಮೇಲೆ ಬೂದು ಬಣ್ಣದ ಲೇಪ ಹಚ್ಚಬೇಕು, ಬಿಸಿ ಹೊರಹೋಗಲೆಂದು. ಆಯಿ ಬಗ್ಗಿ ನೋಡಿದಳು. ಅವಳ ಬಾಯಲ್ಲಿ ವಿಭೂತಿ ಎಂದರೆ ಇಬತ್ತಿ.

'ಇದೂ ಇಬತ್ತಿ ಬೇಡತದೇನಽ?'

'ಇಬತ್ತಿ ಅಲ್ಲ ಆಯಿ, ಪೇಸ್ಟ್.'

'ಏನರ ಇರವಲ್ಲದ್ಯಾಕ, ದಪ್ಪ ಹಚ್ಚಬ್ಯಾಡ. ತೆಳ್ಳಗ ಹಚ್ಚು. ದಪ್ಪ ಹಚ್ಚಿದ್ರ ಉದರತದ.'

ತಮಾಷೆಯೆಂದರೆ ತಜ್ಞರು ಹೇಳುವುದೂ ಅದನ್ನೇ. ತೆಳ್ಳಗೆ ಹಚ್ಚಿದೆ. ರ‍್ಯಾಮ್ ಎಂಬ ಗೇಣಿಗಿಂತ ಸಣ್ಣ ಪಟ್ಟಿಯನ್ನು ಅದರ ಸಂದಿಯಲ್ಲಿ ಇಳಿಸಿದೆ. ಕಾರ್ಡ್ ಕೂರಿಸಿದೆ. ಎಲ್ಲವನ್ನೂ ಎಷ್ಟು ನಾಜೂಕಾಗಿ, ಎಷ್ಟು ಹಗುರ ಕೈಯಿಂದ ಮಾಡಿದೆನೆಂದರೆ ಅವ್ವ ಒಲೆ ಬಿಟ್ಟು ಬಂದು ನೋಡಿ ಹೋದಳು.

ಗುಂಡಿ ಒತ್ತಿದೆ. ಫ್ಯಾನುಗಳು ತಿರುಗಿದವು, ದೀಪ ಬೆಳಗಿತು. ಪರದೆ ಮಾತ್ರ ಕಪ್ಪು. ಕೇಬಲ್ ಬದಲಿಸಿದೆ, ಕಪ್ಪು. ಕಾರ್ಡ್ ತೆಗೆದು ಹಾಕಿದೆ, ಕಪ್ಪು. ಅಪ್ಪ ಅಂಗಡಿಯಿಂದ ಮೇಲೆ ಬಂದು ಮಂಚದ ಮೇಲೆ ಕೂತು ನೋಡುತ್ತಿದ್ದರು. ಕಾಕಾ ಅಂಗಿಯ ಗುಂಡಿ ಬಿಚ್ಚಿ ಯಂತ್ರದ ಮುಂದೆ ಎದೆಯೊಡ್ಡಿ ನಿಂತರು. 'ಗಾಳಿ ಮಸ್ತ್ ಬರಾಕತ್ತದ ನೋಡವಾ. ನಲವತ್ತೈದು ಸಾವಿರಕ್ಕ ಟೇಬಲ್ ಫ್ಯಾನ್ ಇಷ್ಟ ಚಲೋದು ಎಲ್ಲೀ ಸಿಗಂಗಿಲ್ಲ.' ಹೇಳಿ, ನಗುತ್ತ ಪೇಢೆ ತರಲು ಹೋದರು, ನನ್ನ ಸೋಲಿನ ಪೇಢೆ.

'ಆರತಿಗೆ ಎಷ್ಟೊತ್ತಾದೀತು?' ಎಂದೆ.

'ಹದಿನೈದ ಮಿನಿಟ,' ಎಂದರು ಅಪ್ಪ.

ಯಂತ್ರದ ಒಡಲಿನ ಒಂದು ಫೋಟೋ ತೆಗೆದುಕೊಂಡು ಮಾಳಿಗೆಗೆ ಓಡಿದೆ. ಕೆಳಗೆ ಫೋನಿಗೆ ಸಿಗ್ನಲ್ ಸಾಲುತ್ತಿರಲಿಲ್ಲ. ಅಕ್ಕಲಕೋಟೆಯ ಫೋಟೋಗ್ರಾಫರ್ ಎತ್ತಿದ ಕೂಡಲೇ ಜಗಳ ತೆಗೆದೆ. ಒಂದೂ ಮುರಿದಿಲ್ಲ ಎಂದಿರಲ್ಲ, ನಂದು ಮೊದಲ ದಿನವೇ ಮುರಿಯಿತು ಎಂದೆ. ಆತ ಪೂಜೆಯಲ್ಲಿದ್ದ, ಫೋಟೋ ಕಳಿಸಿ ಆಮೇಲೆ ನೋಡುತ್ತೇನೆ ಎಂದ. ಕಳಿಸಿ, ಒಂದೆರಡು ನಿಮಿಷ ನೀರಿನ ಟಾಕಿಯ ಪಕ್ಕ ನಿಂತು ಹೂಂ ರಿ ಎಂದು ಬೇರೆ ಬೇರೆ ರಾಗದಲ್ಲಿ ಹೇಳಿ ನೋಡಿದೆ. ಆಗಲೇ ಬೆವರು ಕಣ್ಣಿಗೆ ಇಳಿದದ್ದು.

ಕೆಳಗೆ ಬಂದರೆ ಪರದೆ ಬೆಳಗಿತ್ತು! ಕಂಪ್ಯೂಟರಿನ ಮೊದಲ ಪುಟ, ಕಪ್ಪು ನೆಲದ ಮೇಲೆ ಬಿಳಿ ಅಕ್ಷರ. ನಾನು ಕುಣಿದೆ. ನಿಜವಾಗಿ ಕುಣಿದೆ, ಲಟ್ಠೆಯ ಹಾಸು ಕಾಲಿಗೆ ಸುತ್ತಿಕೊಂಡು ಬಿದ್ದು, ಬಿದ್ದಲ್ಲಿಂದಲೇ ಕೂಗಿದೆ. ಅವ್ವ ಹಿಟ್ಟಿನ ಕೈಯಲ್ಲಿ ಓಡಿಬಂದಳು. ಪೆಟ್ಟಿಗೆಯ ಮುಂಭಾಗದಲ್ಲಿ ಮೂರು ಬಿಳಿ ಪಟ್ಟೆ. ಆಯಿ ಕಣ್ಣು ಮುಚ್ಚಿ ಕೂತಿದ್ದಳು, ಬೆರಳ ತುದಿ ಇನ್ನೂ ಬೆಳ್ಳಗೆ.

'ಇಬತ್ತಿ ಹಚ್ಚಿದ್ನೆವಾ,' ಎಂದಳು. 'ಅದರ ದೀಪ ಒಮ್ಮಿ ಹೋತು, ಮತ್ತ ಬಂತು. ಶಿವ ದೊಡ್ಡಾಂವ.'

ಅಪ್ಪ ಆರತಿ ತಟ್ಟೆಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಕಾಕಾ ಪೇಢೆಯ ಪೊಟ್ಟಣದೊಂದಿಗೆ ಬಾಗಿಲಲ್ಲಿ ನಿಂತ ತಕ್ಷಣ ಅಪ್ಪ, ಯಾರೂ ಕೇಳುವ ಮೊದಲೇ, ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟರು: 'ಆತು. ನಂದಽ ತಪ್ಪ.'

ಆ ಕ್ಷಣದ ಅಮಲಿನಲ್ಲಿ ನಾನು ಗಮನಿಸಲಿಲ್ಲ. ಗಮನಿಸಬೇಕಿತ್ತು. ಒಂದು ಮೀಟರ್ ಅಸ್ತರಿಗೆ ಎರಡು ರೂಪಾಯಿ ಬಿಡಲು ಅರ್ಧ ತಾಸು ತೆಗೆದುಕೊಳ್ಳುವ ಮನುಷ್ಯ, ಇಪ್ಪತ್ತೆರಡು ವರ್ಷ ಕಾಯ್ದಿಟ್ಟ ಸೋಲನ್ನು ಒಂದೇ ಉಸಿರಿಗೆ ಕೊಟ್ಟುಬಿಡುವನೇ? ನಿಜವಾಗಿ ಸೋತವರು ಅಷ್ಟು ಬೇಗ ಸೋಲುವುದಿಲ್ಲ. ಪ್ರತಿ ಚರ್ಚಾಸ್ಪರ್ಧೆಯಲ್ಲೂ ನೋಡಿದ್ದೇನೆ, ಸೋತವರು ಗಂಟೆ ಬಾರಿಸಿದ ಮೇಲೂ ಮಾತಾಡುತ್ತಿರುತ್ತಾರೆ. ಸಲೀಸಾಗಿ ಕೂರುವವರು ಏನನ್ನೋ ಗೆದ್ದುಕೊಂಡವರು.

ಇನ್ನು ಕಳೆದ ರವಿವಾರದ ಮಾತು. ಧೂಳು ಒರೆಸುವಾಗ ರ‍್ಯಾಮ್ ಪಟ್ಟಿಯ ಮೇಲಂಚಿನಲ್ಲಿ, ಬಲತುದಿಯಲ್ಲಿ, ಒಂದು ಹೆಬ್ಬೆರಳ ಗುರುತು ಕಂಡಿತು. ನೀಲಿ. ಫೋನಿನಲ್ಲಿ ಅವತ್ತಿನ ಫೋಟೋ ಇನ್ನೂ ಇತ್ತು. ದೊಡ್ಡದು ಮಾಡಿ ನೋಡಿದೆ. ಪಟ್ಟಿಯ ಎಡತುದಿ ಸರಿಯಾಗಿ ಇಳಿದಿದೆ, ಬಲತುದಿ ಒಂದು ಅಕ್ಕಿಕಾಳಿನಷ್ಟು ಮೇಲೆ ನಿಂತಿದೆ. ಅದು ಟಕ್ಕೆಂದು ಕೂರುವಂತೆ ಒತ್ತಬೇಕು, ಸ್ವಲ್ಪ ಹೆದರಿಕೆಯಾಗುವಷ್ಟು ಜೋರಾಗಿ. ನಾನು ಒತ್ತಿರಲಿಲ್ಲ. ಒತ್ತುವುದಾದರೂ ಹೇಗೆ? ರೇಷ್ಮೆ ಖಣವನ್ನು ಕಪಾಟಿಗಿಟ್ಟ ಹಾಗೆ ಇಟ್ಟಿದ್ದೆ. ಜಗತ್ತಿನ ಬೇರೆ ಯಾವ ಮನೆಯ ಹುಡುಗಿಯೂ ಮಾಡಲಾರದ ತಪ್ಪು ಅದು. ಬಟ್ಟೆ ಅಂಗಡಿಯವಳಿಗೆ ಮಾತ್ರ ಸಾಧ್ಯ.

ಈಗ ಅದು ಭದ್ರವಾಗಿ ಕೂತಿದೆ. ತಾನಾಗಿಯೇ ಕೂತಿತು ಎನ್ನುವವರು ದಯವಿಟ್ಟು ಮುಂದೆ ಬರಲಿ. ವಿಭೂತಿಗೆ ಹೆಬ್ಬೆರಳಿಲ್ಲ. ಆಯಿಯ ಬೆರಳು ಬಿಳಿ, ಗುರುತು ನೀಲಿ. ದೀಪ ಒಮ್ಮೆ ಹೋಗಿ ಬಂತು ಎಂದಳಲ್ಲ, ಯಾರೋ ಬಟನ್ ಆರಿಸಿ, ಕೆಲಸ ಮುಗಿಸಿ, ಮತ್ತೆ ಹಾಕಿದ್ದಾರೆ. ಕಾಕಾ ಪೇಢೆಯ ಅಂಗಡಿಯಲ್ಲಿದ್ದರು, ಅವ್ವ ಹಿಟ್ಟಿನಲ್ಲಿ. ಆಯಿಯನ್ನು ಪಾಟೀಸವಾಲು ಮಾಡಿದೆ. 'ನಾ ಕಣ್ಣ ಮುಚ್ಚಿದ್ನೆವಾ, ಜಪಾ ಮಾಡಾಕತ್ತಿದ್ದೆ,' ಎಂದಳು. ಮಾಡುತ್ತಿದ್ದಳೋ, ಸಾಕ್ಷಿ ತಪ್ಪಿಸಿಕೊಂಡಳೋ.

ನನ್ನದೇ ವಾದದಲ್ಲಿ ತೂತು ಹುಡುಕುವುದು ನನ್ನ ಚಟ, ಹುಡುಕಿದ್ದೇನೆ. ಪಟ್ಟಿ ಬಂದ ದಿನವೇ ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ್ದರು. ಗುರುತು ಅಂದಿನದೇ ಇರಬಹುದು. ಆದರೆ ಅದು ಗುರುತಿನ ವಿಷಯವಾಯಿತು, ಒತ್ತಿದ ವಿಷಯವಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಒತ್ತಿದ್ದು ಅವರೇ ಎಂದಾದರೆ ಕಂಪ್ಯೂಟರ್ ಹತ್ತಿಸಿದ್ದು ನಾನಲ್ಲ. ಹತ್ತಿಸಿದ್ದು ನಾನಲ್ಲ ಎಂದಾದರೆ ಪಂಥ ಸೋತಿದ್ದೇನೆ. ಬರುವ ಖಂಡೇನವಮಿಗೆ ಇನ್ನೂ ಏಳು ತಿಂಗಳಿವೆ, ಅಷ್ಟೂ ದಿನ ಬರೀ ಹೂಂ ರಿ. ಕೇಳಿದ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಅದೇ ನನ್ನ ಕೊನೆಯ ಪ್ರಶ್ನೆ. ಕೇಳದೆ ಬಿಟ್ಟರೆ ಕಾಕಾನ ಕಥೆಯೇ ನಿಜವಾಗಿ ಉಳಿಯುತ್ತದೆ. ಇಂಥ ಇಕ್ಕಟ್ಟಿಗೆ ಯಾವ ಎದುರಾಳಿಯೂ ನನ್ನನ್ನು ತಂದು ನಿಲ್ಲಿಸಿರಲಿಲ್ಲ.

ಮೂರು ದಿನ ತಡೆದುಕೊಂಡೆ. ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಪ್ಪ ಹಸಿರು ಖಣದ ತಾನನ್ನು ಹಾಸಿ ಮಡಚುತ್ತಿದ್ದರು. ನಾನು ಕಟ್ಟೆಯ ಈ ಕಡೆ, ಗಿರಾಕಿಗಳು ಕೂರುವ ಜಾಗದಲ್ಲಿ, ಹೋಗಿ ಕೂತೆ. ಅವರು ತಲೆಯೆತ್ತಿ 'ಏನ ಕೊಡ್ಲಿರಿ ವಕೀಲ ಬಾಯಾರ?' ಎಂದು ನಕ್ಕರು. ನೀಲಿ ಹೆಬ್ಬೆರಳು ಅಂಚಿನುದ್ದಕ್ಕೆ ಸಾಗಿತು, ಕೊನೆಗೆ ಬಂದು, 'ಹುಂ' ಎಂದು ಒತ್ತಿತು. ನಾನು ಫೋನಿನಲ್ಲಿ ಅವತ್ತಿನ ಫೋಟೋ ತೆರೆದು ಆ ಘಡಿಯ ಪಕ್ಕದಲ್ಲಿಟ್ಟೆ. ಅವರು ನೋಡಿದರು. ಹೆಬ್ಬೆರಳು ಅಲ್ಲಿಂದ ಏಳಲೇ ಇಲ್ಲ.

'ಅಪ್ಪಾ, ಅವತ್ತ ನಾ ಮಾಳಗಿ ಮ್ಯಾಲ ಇದ್ದಾಗ ಇದನ್ನ ಒತ್ತಿದವರು ನೀವಽ ಏನ್ರಿ?'